ನಾಲ್ಕನೆಯ ಕಿಲೋಮೀಟರು

ಪುಣೆಯ ಕೋಥರೂಡಿನ ನಮ್ಮ ಮನೆಯಿಂದ ವಾರ್ಜೆಯ ಕಡೆಗೆ ಹೊರಟರೆ ನಾಲ್ಕನೆಯ ಕಿಲೋಮೀಟರು ಮುಗಿಯುವುದರೊಳಗೆ ಅಪ್ಪನ ಗಾಡಿ ನಿಂತುಬಿಡುತ್ತಿತ್ತು. ಥಟ್ಟನೆ ನಿಲ್ಲುತ್ತಿರಲಿಲ್ಲ. ಮೊದಲು ವೇಗ ಸ್ವಲ್ಪ ಕುಗ್ಗುವುದು, ಆಮೇಲೆ ಎಂಜಿನ್ನಿನ ದನಿ ಬರಿದಾಗುವುದು, ಕೊನೆಗೆ ಎರಡು ಬಾರಿ ತಡವರಿಸಿ ಮೌನವಾಗುವುದು. ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಲ್ಲಿಸಿಕೊಂಡು ಕಿಕ್ ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುವುದು. ಮಾರ್ಚಿಯಿಂದ ಆಗಸ್ಟ್‌ವರೆಗೆ ಈ ಆಟ ನಡೆಯಿತು.

ನಾವೆಂದರೆ ಅಕ್ಕ ತಮ್ಮ ಇಬ್ಬರು. ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿದ್ದೇವೆ. ಈ ಬರಹವನ್ನೂ ಕೂಡಿಯೇ ಬರೆಯುತ್ತಿದ್ದೇವೆ. ಗಾಡಿ 1991ರ ಯೆಜ್ಡಿ ರೋಡ್‌ಕಿಂಗ್. ಅಪ್ಪ ಪಶುಪಾಲನಾ ಇಲಾಖೆಯಲ್ಲಿ ಕೆಲಸ ಮಾಡುತ್ತ, ಮದ್ದೂರಿನ ಸುತ್ತಲಿನ ಹಳ್ಳಿಗಳಿಗೆ ದನಗಳ ಔಷಧಿ ಪೆಟ್ಟಿಗೆಯನ್ನು ಕಟ್ಟಿಕೊಂಡು ತಿರುಗಿದ್ದು ಇದರ ಮೇಲೆಯೇ. ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ಆದರೆ ಮೈಸೂರಿನ ಯಾದವಗಿರಿಯ ಕಾರ್ಖಾನೆ 1961ರಿಂದ ಜೆಕ್ ದೇಶದ ಜಾವಾಗಳನ್ನು ಕಟ್ಟುತ್ತ ಬಂದದ್ದರಿಂದ ನಮ್ಮ ಸೀಮೆಯಲ್ಲಿ ಹೆಸರು ಬದಲಾದರೂ ಮಾತು ಬದಲಾಗಲಿಲ್ಲ; ಅದು ‘ಜಾವಾ ಗಾಡಿ’ಯಾಗಿಯೇ ಉಳಿಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಅಪ್ಪ ಮೈಸೂರಿಗೆ ಹೋಗಿ ಒಂದು ಚೀಲದ ತುಂಬ ಬಿಡಿಭಾಗಗಳನ್ನು ಕೊಂಡುತಂದು ಅಟ್ಟದ ಮೇಲಿಟ್ಟರು. ಬರಗಾಲಕ್ಕೆ ರಾಗಿ ಕೂಡಿಡುವವರ ಮುಖ ಅಂದು ಅವರಿಗಿತ್ತೆಂದು ಅಮ್ಮ ನಗುತ್ತಿದ್ದರು.

2021ರಲ್ಲಿ ಅಮ್ಮ ತೀರಿಕೊಂಡರು. ಆ ವರ್ಷವೇ ಗಾಡಿಯ ನೋಂದಣಿಯನ್ನು ಇನ್ನೈದು ವರ್ಷಕ್ಕೆ ಮುಂದುವರಿಸಿಕೊಂಡು ಬಂದಿದ್ದ ಅಪ್ಪ, ಅದಾದ ಮೇಲೆ ಅದನ್ನು ಹಟ್ಟಿಯ ಮೂಲೆಯಲ್ಲಿ ನಿಲ್ಲಿಸಿ, ಹಳೆಯ ಕಂಬಳಿ ಹೊದಿಸಿಬಿಟ್ಟರು. ನಿಧಾನವಾಗಿ ಮರೆವು ಶುರುವಾಯಿತು. ಒಲೆಯ ಮೇಲಿನ ಹಾಲು, ನೆರೆಯವರ ಹೆಸರು, ಕೊನೆಗೆ ಮನೆಗೆ ಬರುವ ದಾರಿ. 2025ರ ಫೆಬ್ರವರಿಯಲ್ಲಿ ಅವರನ್ನು ಪುಣೆಗೆ ಕರೆತಂದೆವು. ಮುಂದಿನ ತಿಂಗಳು ಗಾಡಿ ರೈಲಿನ ಪಾರ್ಸಲ್‌ನಲ್ಲಿ ಬಂತು. ಅದನ್ನು ತರಿಸದಿದ್ದರೆ ಅಪ್ಪ ಊಟ ಮಾಡುವುದಿಲ್ಲವೆಂದು ಕುಳಿತಿದ್ದರು.

ಪಾರ್ಸಲ್‌ಗೆ ಹಾಕುವ ಮೊದಲು ಟ್ಯಾಂಕನ್ನು ಬರಿದು ಮಾಡಬೇಕೆಂಬುದು ರೈಲ್ವೆಯ ನಿಯಮ. ಊರಿನಲ್ಲಿ ಆ ಕೆಲಸ ಮಾಡಿದಾಗ ಹೊರಗೆ ಬಂದದ್ದನ್ನು ಪೆಟ್ರೋಲ್ ಎನ್ನಲಾಗುತ್ತಿರಲಿಲ್ಲ. ಡಿಕಾಕ್ಷನ್ನಿನ ಬಣ್ಣ, ಮರದ ಪೀಠೋಪಕರಣಕ್ಕೆ ಹಚ್ಚುವ ವಾರ್ನಿಷ್‌ನ ವಾಸನೆ. ಪೆಟ್ರೋಲ್ ಬಹಳ ದಿನ ನಿಂತರೆ ಅದರ ಹಗುರವಾದ ಅಂಶಗಳು ಆರಿಹೋಗುತ್ತವೆ. ಉಳಿದದ್ದು ಗಾಳಿಯೊಡನೆ ಬೆರೆತು ಅಂಟಾಗುತ್ತದೆ. ಆ ಅಂಟು ಹೋಗಿ ಕೂರುವುದು ದಾರಿ ಎಲ್ಲಿ ಕಿರಿದಾಗಿದೆಯೋ ಅಲ್ಲಿ. ನಿಂತ ಗಾಡಿಯ ರೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಲ್ಲಿಂದಲೇ ಹುಟ್ಟುವುದನ್ನು ಮುಂದಿನ ಐದು ತಿಂಗಳಲ್ಲಿ ನಾವು ಕಲಿತೆವು.

ನಮ್ಮ ಓಣಿಯ ಮೆಕ್ಯಾನಿಕ್ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, “ಹೀ ಗಾಡಿ ಆತಾ ವಿಕೂನ್ ಟಾಕಾ” ಎಂದರು. ಹಳೆಯ ಯೆಜ್ಡಿಗಳನ್ನು ಹುಡುಕುವವರು ಪುಣೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಒಳ್ಳೆಯ ಬೆಲೆಯೇ ಬರುತ್ತದೆ, ಇದರ ಹಿಂದೆ ಬಿದ್ದು ನೀವೇಕೆ ಕೈ ಕರಿ ಮಾಡಿಕೊಳ್ಳುತ್ತೀರಿ ಎಂಬುದು ಅವರ ವಾದ. ಹಗಲು ಹೊತ್ತು ಅಪ್ಪನನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿದ್ದೆವು. ತಿಂಗಳು ತಿಂಗಳಿನ ಸಂಬಳದ ಲೆಕ್ಕ ತಲೆಯಲ್ಲಿತ್ತು. ನಮ್ಮಲ್ಲೊಬ್ಬರಿಗೆ ಮಾರುವುದೇ ಸರಿಯೆನಿಸಿತು, ಇನ್ನೊಬ್ಬರಿಗೆ ಆಗದೆನಿಸಿತು. ಓಡುವ ಗಾಡಿಗೆ ಹೆಚ್ಚು ಬೆಲೆ ಬರುತ್ತದೆಂಬ ಒಂದು ಮಾತಿನಲ್ಲಿ ಇಬ್ಬರೂ ಒಪ್ಪಿ, ಭಾನುವಾರಗಳಂದು ನಾವೇ ಬಿಚ್ಚಲು ಕುಳಿತೆವು.

ಅಪ್ಪ ಮಹಡಿಯ ಮೆಟ್ಟಿಲಿನ ಮೇಲೆ ಕುಳಿತು ನೋಡುತ್ತಿದ್ದರು. ನಾವು ಚಿಕ್ಕವರಿದ್ದಾಗ ಅವರು ಹೇಳುತ್ತಿದ್ದ ಒಂದು ಮಾತು ನಮಗೆ ಬಾಯಿಪಾಠವಾಗಿತ್ತು. ದನ ಬಾಯಿಲ್ಲದ ಜೀವ, ಎಲ್ಲಿ ನೋವೆಂದು ಹೇಳುವುದಿಲ್ಲ. ಆದ್ದರಿಂದ ಕೊಟ್ಟಿಗೆಗೆ ಹೋದವನು ಮೂರನ್ನು ನೋಡಬೇಕು: “ಏನ್ ತಿಂದದೆ, ಏನ್ ಬಿಟ್ಟದೆ, ಉಸ್ರು ಎಂಗದೆ.” ಗಾಡಿಗೂ ಅವರು ಹೇಳುತ್ತಿದ್ದದ್ದು ಇದನ್ನೇ.

ತಿಂದದ್ದರಿಂದ ಮೊದಲು ಮಾಡಿದೆವು. ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ವಿನೆಗರ್ ತುಂಬಿ, ಹಿಡಿಯಷ್ಟು ಸಣ್ಣ ನಟ್ಟುಗಳನ್ನು ಹಾಕಿ, ಇಬ್ಬರೂ ಎರಡು ಕಡೆ ಹಿಡಿದು ಅಲ್ಲಾಡಿಸಿದೆವು. ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಅಡುಗೆ ಸೋಡಾದ ನೀರಿನಿಂದ ಆಮ್ಲವನ್ನು ತೊಳೆದು, ಬಿಸಿಗಾಳಿಯಿಂದ ಒಣಗಿಸಿದೆವು. ಪೆಟ್ರೋಲ್ ಕಾಕನ್ನು ಬಿಚ್ಚಿದರೆ ಅದರ ಜರಡಿಯ ಸುತ್ತ ಕಂದು ಬಣ್ಣದ ಪೊರೆ ಕಟ್ಟಿತ್ತು. ಒಳಗಿನ ರಬ್ಬರ್ ವಾಷರ್ ಕಲ್ಲಾಗಿತ್ತು. ನಾನಾ ಪೇಠೆಯ ಅಂಗಡಿಗಳಲ್ಲಿ ಸಿಗದ ವಾಷರ್ ಅಪ್ಪನ ಅಟ್ಟದ ಚೀಲದಲ್ಲಿ, ಕಾಗದದ ಪೊಟ್ಟಣದೊಳಗೆ, ಅವರ ಕೈಬರಹದ ಹೆಸರಿನೊಂದಿಗೆ ಸಿಕ್ಕಿತು.

ಪೆಟ್ರೋಲ್ ಪೈಪು ಹಳದಿಯಾಗಿ ಬಿರುಸಾಗಿತ್ತು, ಅದನ್ನೂ ಬದಲಿಸಿದೆವು. ಹೊಸದನ್ನು ಕೊಳ್ಳುವಾಗ ಅಂಗಡಿಯವರು ಒಂದು ಎಚ್ಚರಿಕೆ ಹೇಳಿದರು. ಈಗ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. 100ಕ್ಕೆ 20 ಪಾಲು ಬೆರೆಸಿದ ಇ20 ಮೊದಲು ಮಾರಾಟಕ್ಕೆ ಬಂದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಒಂದು ಸಮಾವೇಶದಿಂದ. 1991ರ ರಬ್ಬರು ಇದನ್ನು ಕಂಡದ್ದಲ್ಲ; ಉಬ್ಬುತ್ತದೆ, ಇಲ್ಲವೇ ಬಿರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರೆಯಾಗಿ ತಳದಲ್ಲಿ ನಿಲ್ಲಬಹುದು. ಹಳೆಯ ಅಂಟನ್ನು ಕರಗಿಸಿ ಕೆಳಕ್ಕೆ ಒಯ್ಯುವ ಗುಣವೂ ಅದಕ್ಕಿದೆ. ಕಬ್ಬಿನಿಂದಲೂ ಬರುವ ದ್ರವವದು. ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಮೂವತ್ತು ವರ್ಷ ಓಡಿದ ಗಾಡಿಗೆ ಮುಪ್ಪಿನಲ್ಲಿ ಕಬ್ಬೇ ಹಿಡಿಸದೆ ಹೋದದ್ದನ್ನು ಅಪ್ಪನಿಗೆ ಹೇಳಿದೆವು. ಅವರು ನಕ್ಕರು; ಎಷ್ಟು ಅರ್ಥವಾಯಿತೋ ನಮಗೆ ತಿಳಿಯಲಿಲ್ಲ.

ಕಾರ್ಬ್ಯುರೇಟರಿಗೆ ಒಂದು ಇಡೀ ಭಾನುವಾರ ಹಿಡಿಯಿತು. ಅದರ ತಳದ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಒಂದು ತೇಲುಗುಂಡು ಕಾಯುತ್ತದೆ. ಮಟ್ಟ ಏರಿದರೆ ಅದು ಸೂಜಿಯನ್ನು ತಳ್ಳಿ ದಾರಿಯನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಸೂಜಿಯ ಮೊನೆ ಸವೆದಿದ್ದರಿಂದ ನಿಂತ ಗಾಡಿಯಿಂದಲೂ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ನಿಧಾನದ ಓಟಕ್ಕೆ ಪೆಟ್ರೋಲ್ ಕೊಡುವ ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣಲಿಲ್ಲ. ತಂತಿ ತೂರಿಸಬೇಕೆಂಬ ಆಸೆಯಾಯಿತು. “ತಂತಿ ಹಾಕ್ಬ್ಯಾಡಿ, ತೂತ ದೊಡ್ಡದಾಯ್ತದೆ” ಎಂದು ಮೆಟ್ಟಿಲಿನಿಂದ ದನಿ ಬಂತು. ಅಂದು ಬೆಳಗ್ಗೆ ಅವರಿಗೆ ನಮ್ಮಿಬ್ಬರ ಹೆಸರೂ ನೆನಪಿರಲಿಲ್ಲ. ಹಿತ್ತಾಳೆಯ ಆ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲ್ ಮತ್ತು ಗಾಳಿಯ ಪ್ರಮಾಣ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿದ ಮೇಲೆ ಸೂಜಿಮೊನೆಯಷ್ಟು ಬೆಳಕು ಕಂಡಿತು.

ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸುವುದು ಅಪ್ಪನ ಅಳತೆ. ಅದನ್ನೇ ಬೆರೆಸಿ ಕಿಕ್ ಹೊಡೆದೆವು. ಕಿಕ್ ಹೊಡೆಯುವ ಕೋಲೇ ಗೇರಿನ ಕೋಲೂ ಆಗುವುದು ಆ ಗಾಡಿಯ ವಿಶೇಷ. ಅದನ್ನು ಒಳಕ್ಕೊತ್ತಿ ತಿರುಗಿಸುವ ಅಭ್ಯಾಸ ನಮ್ಮ ಕಾಲಿಗೆ ತಪ್ಪಿಹೋಗಿತ್ತು. ಆರನೆಯ ಒದೆಗೆ ಎರಡೂ ಸೈಲೆನ್ಸರುಗಳಿಂದ ಹೊಗೆ ಬಂದು, ಓಣಿಯ ತುಂಬ ಆ ದನಿ ಹರಡಿತು. ಅಪ್ಪ ಎದ್ದು ನಿಂತರು. ಅಂದು ಸಂಜೆ ಗಾಡಿ ನಾಲ್ಕನೆಯ ಕಿಲೋಮೀಟರಿನಲ್ಲಿ ನಿಂತಿತು. ಮರು ಭಾನುವಾರವೂ ನಿಂತಿತು.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಸಂಜೆ ಆರು ಗಂಟೆಯಾಗುತ್ತಲೇ ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಲ್ಲುತ್ತಿದ್ದರು. “ಗಾಡಿ ತಗೀರಪ್ಪಾ, ಊರಿಗೆ ಹೋಗನ. ನಿಮ್ಮವ್ವ ಕಾಯ್ತಾ ಇರ್ತಾಳೆ.” ಅಮ್ಮ ಇಲ್ಲವೆಂದು ಮೊದಲ ವಾರ ಹೇಳಿದೆವು. ಹೇಳಿದಾಗಲೆಲ್ಲ ಅವರು ಅದನ್ನು ಹೊಸದಾಗಿ ಕೇಳಿದಂತೆ ಅಳುತ್ತಿದ್ದರು. ಆಮೇಲೆ ನಮಗೆ ಸುಲಭದ ಉತ್ತರವೊಂದು ಸಿಕ್ಕಿತು: ಗಾಡಿ ಕೆಟ್ಟಿದೆ ಅಪ್ಪ, ಸರಿಯಾಗಲಿ, ಹೋಗೋಣ. ಕೆಟ್ಟ ಗಾಡಿಯೆಂದರೆ ಅವರಿಗೆ ಅರ್ಥವಾಗುತ್ತಿತ್ತು. ತಲೆಯಾಡಿಸಿ ಒಳಗೆ ಬರುತ್ತಿದ್ದರು. ಹೀಗೆ ಗಾಡಿಯ ರೋಗ ನಮ್ಮ ಮನೆಯ ಸಂಜೆಗಳನ್ನು ಕಾಪಾಡುತ್ತಿತ್ತು. ಜೂನಿನಿಂದಾಚೆಗೆ ನಾವು ಭಾನುವಾರಗಳನ್ನು ಬೇಕೆಂತಲೇ ತಪ್ಪಿಸತೊಡಗಿದೆವು. ಮಳೆ ಎಂದೆವು, ಕೆಲಸ ಎಂದೆವು. ಸರಿಯಾದ ಗಾಡಿಯನ್ನು ಮುಂದಿಟ್ಟುಕೊಂಡು ಅಪ್ಪನಿಗೆ ಏನು ಹೇಳಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲವೆಂಬುದೇ ನಿಜವಾದ ಕಾರಣ.

ಆಗಸ್ಟಿನಲ್ಲಿ ಗಾಡಿ ಕೊಳ್ಳುವವರೊಬ್ಬರು ನೋಡಲು ಬರುವುದಾಗಿ ತಿಳಿಸಿದರು. ಬಿಟ್ಟ ಕೆಲಸಕ್ಕೆ ಮತ್ತೆ ಕೈಹಾಕಬೇಕಾಯಿತು. ಈ ಸಲ ಊಹೆಗಳನ್ನು ಬದಿಗಿಟ್ಟು, ನಿಂತ ಜಾಗದಲ್ಲೇ ಒಂದೊಂದಾಗಿ ನೋಡುವುದೆಂದು ನಿಶ್ಚಯಿಸಿದೆವು. ವಾರ್ಜೆಯ ಬಳಿ ಗಾಡಿ ನಿಂತ ಕೂಡಲೇ ಪ್ಲಗ್ಗನ್ನು ಬಿಚ್ಚಿದೆವು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿಯಿಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಒಣಗಿತ್ತು. ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚೆನ್ನಾಗಿಯೇ ಹಾರಿತು. ಅಲ್ಲಿಗೆ ಬಿಸಿಯಾದ ಕಾಯಿಲಿನ ಮೇಲಿದ್ದ ನಮ್ಮ ಸಂಶಯ ಹೋಯಿತು. ಕಾರ್ಬ್ಯುರೇಟರಿನ ತಳದ ಬಟ್ಟಲನ್ನು ಬಿಚ್ಚಿದೆವು. ತಳದಲ್ಲಿ ಒಂದು ಚಮಚೆಯಷ್ಟಿತ್ತು. ಪೈಪನ್ನು ಕಳಚಿ ಕಾಕನ್ನು ತೆರೆದರೆ, ಅರ್ಧ ಟ್ಯಾಂಕು ಪೆಟ್ರೋಲ್ ಇದ್ದೂ ಹನಿ ಹನಿಯಾಗಿ ಬಿದ್ದು ನಿಂತುಹೋಯಿತು. ಕಾಕು ಹೊಸ ವಾಷರಿನದು, ಜರಡಿ ತೊಳೆದದ್ದು.

ಒಳಗೆ ಏನಾಗಿದೆಯೆಂದು ನೋಡಲು ಟ್ಯಾಂಕಿನ ಮುಚ್ಚಳವನ್ನು ತಿರುವಿದೆವು. ‘ಹುಸ್’ ಎಂಬ ಸದ್ದಾಯಿತು. ಗಾಳಿ ಹೊರಗೆ ಬಂದ ಸದ್ದಲ್ಲ, ಒಳಗೆ ಹೋದ ಸದ್ದು. ಅದೇ ಗಳಿಗೆಯಲ್ಲಿ ಪೈಪಿನಿಂದ ಪೆಟ್ರೋಲ್ ಧಾರೆಯಾಗಿ ನಮ್ಮ ಕಾಲಿನ ಮೇಲೆ ಸುರಿಯಿತು.

ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ಸೆಳೆತ ಹುಟ್ಟಿ, ಪೆಟ್ರೋಲನ್ನು ಕೆಳಗೆ ಬಿಡದೆ ಹಿಡಿದುಕೊಳ್ಳುತ್ತದೆ. ಗಾಡಿ ನಿಂತಾಗ ವಾಷರಿನ ಸಂದಿಯಿಂದ ಗಾಳಿ ಮೆಲ್ಲಗೆ ಒಸರಿ ಒಳಹೋಗುವುದರಿಂದ ಹತ್ತು ನಿಮಿಷಕ್ಕೆ ಮತ್ತೆ ದಾರಿ ಬಿಡುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಕಣ್ಣೆದುರಿಗೇ ಇತ್ತು. ಟ್ಯಾಂಕ್ ತುಂಬಿಸಿದ ದಿನಗಳಲ್ಲಿ ಗಾಡಿ ಎರಡು ಕಿಲೋಮೀಟರಿಗೇ ನಿಲ್ಲುತ್ತಿತ್ತು, ಕಡಿಮೆಯಿದ್ದಾಗ ದೂರ ಹೋಗುತ್ತಿತ್ತು. ತುಂಬಿದ ಟ್ಯಾಂಕಿನಲ್ಲಿ ಗಾಳಿಯ ಜಾಗ ಕಡಿಮೆಯಾದ್ದರಿಂದ ಸೆಳೆತ ಬೇಗ ಏರುತ್ತದೆ. ನಾವದನ್ನು ಹೊಸ ಪೆಟ್ರೋಲಿನ ದೋಷವೆಂದುಕೊಂಡಿದ್ದೆವು. ತಿಂದದ್ದನ್ನು ನೋಡಿದೆವು, ಬಿಟ್ಟ ಹೊಗೆಯನ್ನು ನೋಡಿದೆವು. ಅಪ್ಪ ಹೇಳಿದ ಮೂರನೆಯದನ್ನು ಐದು ತಿಂಗಳು ನೋಡಿರಲಿಲ್ಲ. ಟ್ಯಾಂಕನ್ನು ಅಷ್ಟೆಲ್ಲ ತೊಳೆದವರು ಮುಚ್ಚಳವನ್ನು ಬಟ್ಟೆಯಿಂದ ಒರೆಸಿ ಇಟ್ಟಿದ್ದೆವು.

ಮನೆಗೆ ಬಂದು ಮುಚ್ಚಳವನ್ನು ಬಿಡಿಸಿದೆವು. ರಂಧ್ರದ ತುಂಬ ಗಟ್ಟಿಯಾದ ಬಿಳಿಯ ವಸ್ತು. ಪಿನ್ನಿನಿಂದ ಕೆದಕಿ ತೆಗೆದು ನೀರಿನಲ್ಲಿ ಉಜ್ಜಿದರೆ ನೊರೆ ಬಂತು. ಸಾಬೂನು. ಟ್ಯಾಂಕು ಸೋರಿದಾಗ ಬಟ್ಟೆ ಸೋಪನ್ನು ಮೆತ್ತಿ ತಡೆಯುವುದು ಹಳೆಯ ಉಪಾಯ. ಪೆಟ್ರೋಲಿಗೆ ಅದು ಸುಲಭವಾಗಿ ಕರಗುವುದಿಲ್ಲ. ತಾನಾಗಿ ಬಂದು ಕೂತ ಕಸವಲ್ಲ ಅದು. ಬೆರಳಿನಿಂದ ಒತ್ತಿ, ಅಂಚನ್ನು ಸವರಿ ಸಮ ಮಾಡಿದ್ದರು. ಹಟ್ಟಿಯ ಹೆಂಚಿನಿಂದ ಮಳೆ ಸೋರುವುದು ನಮಗೆ ಗೊತ್ತಿತ್ತು. ನೀರು ಒಳಗಿಳಿಯದಿರಲಿ, ಪೆಟ್ರೋಲ್ ಆರದಿರಲಿ ಎಂದು ಯಾರೋ ಗಾಡಿಯನ್ನು ಮಲಗಿಸುವ ಮುನ್ನ ಬಹಳ ಎಚ್ಚರದಿಂದ ಈ ಕೆಲಸ ಮಾಡಿದ್ದರು. ಮುಂದೊಂದು ದಿನ ಮತ್ತೆ ಓಡಿಸಬೇಕೆಂದು ಇದ್ದವರಲ್ಲದೆ ಬೇರೆಯವರು ಹಾಗೆ ಮಾಡುವುದಿಲ್ಲ.

ಮುಚ್ಚಳವನ್ನು ಅಪ್ಪನ ಕೈಗೆ ಕೊಟ್ಟೆವು. ಅವರು ಅದನ್ನು ತಿರುಗಿಸಿ ನೋಡಿದರು, ಉಳಿದಿದ್ದ ಬಿಳಿಯನ್ನು ಉಗುರಿನಿಂದ ಕೆರೆದು ಮೂಸಿದರು. ಆಮೇಲೆ ನಕ್ಕು, “ಯಾವನೋ ತಿಳುದೋನೇ ಮಾಡವ್ನೆ. ಕೆಲ್ಸ ಅಚ್ಚುಕಟ್ಟಾಗದೆ. ಆದ್ರೆ ಯಾರ್ಗಾದ್ರೂ ಒಂದ್ ಮಾತ ಏಳ್ಬೇಕಾಗಿತ್ತು, ಅಲ್ವ್ರಾ?” ಎಂದರು. ನಾವು ಹೌದು ಅಪ್ಪ ಎಂದೆವು. ಬೇರೇನೂ ಹೇಳಲಾಗಲಿಲ್ಲ.

ಮರುದಿನ ಸಂಜೆ ಆರು ಗಂಟೆಗೆ ಅಪ್ಪ ಎಂದಿನಂತೆ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತರು. ಹೇಳಲು ನಮ್ಮ ಬಳಿ ಸುಳ್ಳು ಉಳಿದಿರಲಿಲ್ಲ. ಒಬ್ಬರು ಗಾಡಿ ತೆಗೆದೆವು. ಅಪ್ಪನಿಗೆ ಹೆಲ್ಮೆಟ್ ತೊಡಿಸಿ ಹಿಂದೆ ಕೂರಿಸಿ, ಇನ್ನೊಬ್ಬರು ಸ್ಕೂಟರಿನಲ್ಲಿ ಹಿಂಬಾಲಿಸಿದೆವು. ನಾಲ್ಕನೆಯ ಕಿಲೋಮೀಟರು ಬಂತು, ಹೋಯಿತು. ಎಲ್ಲಿಗೆ ಹೋಗಬೇಕೆಂದು ಯೋಚಿಸದೆ ಹೊರಟವರು ಖಡಕ್‌ವಾಸ್ಲಾ ಅಣೆಕಟ್ಟೆಯ ಬಳಿ ನಿಲ್ಲಿಸಿದೆವು. ಮಳೆಗಾಲದ ಮುಠಾ ನದಿ ತುಂಬಿ ನಿಂತಿತ್ತು. ಅಪ್ಪ ಬಹಳ ಹೊತ್ತು ನೀರನ್ನು ನೋಡಿದರು. “ಕನ್ನಂಬಾಡಿ ಕಟ್ಟೆ ತುಂಬದೆ. ಈ ಸಲ ಬತ್ತಕ್ಕೆ ಚಿಂತೆ ಇಲ್ಲ” ಎಂದರು. ಅವರ ದನಿಯಲ್ಲಿ ಊರಿಗೆ ಬಂದವರ ನೆಮ್ಮದಿಯಿತ್ತು.

ನಾವು ತಿದ್ದಲಿಲ್ಲ. ತಿದ್ದುವುದಕ್ಕೆ ಅದು ಪೂರ್ತಿ ತಪ್ಪೂ ಆಗಿರಲಿಲ್ಲವೆಂಬುದು ಆಮೇಲೆ ಹೊಳೆಯಿತು. ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ತೂಬುಗಳನ್ನು ಮೊದಲು ಕೂರಿಸಿದ್ದು 1903ರಲ್ಲಿ, ಇದೇ ಖಡಕ್‌ವಾಸ್ಲಾದಲ್ಲಿ. ಅವರು ಎಂಜಿನಿಯರಿಂಗ್ ಓದಿದ್ದೂ ಪುಣೆಯಲ್ಲಿಯೇ. ಕನ್ನಂಬಾಡಿ ಬಂದದ್ದು ಆಮೇಲೆ. ಕತ್ತಲಾಗುವ ಮೊದಲು, ಅಪ್ಪ ತಾವಾಗಿಯೇ, “ನಡೀರಿ, ಮನೆಗೆ ಹೋಗನ” ಎಂದರು. ಯಾವ ಮನೆಯೆಂದು ನಾವು ಕೇಳಲಿಲ್ಲ. ಕೋಥರೂಡಿಗೆ ಬಂದು ಇಳಿದು, ಚಪ್ಪಲಿ ಬಿಟ್ಟು, ಊಟಕ್ಕೆ ಕುಳಿತರು.

ಕೊಳ್ಳಲು ಬರಬೇಕಿದ್ದವರಿಗೆ ಫೋನ್ ಮಾಡಿ ಬೇಡವೆಂದೆವು. ಈಗ ಮಳೆಯಿಲ್ಲದ ಸಂಜೆಗಳಲ್ಲಿ ಖಡಕ್‌ವಾಸ್ಲಾಕ್ಕೆ ಹೋಗುತ್ತೇವೆ. ಎಲ್ಲ ದಿನವೂ ಇಷ್ಟು ಸಲೀಸಾಗುವುದಿಲ್ಲ. ಕೆಲವು ದಿನ ಅಪ್ಪ ದಾರಿಯಲ್ಲೇ ಅಮ್ಮನನ್ನು ಕೇಳುತ್ತಾರೆ, ಕೆಲವು ದಿನ ಇಳಿಯಲು ಒಪ್ಪುವುದಿಲ್ಲ. ಆದರೆ ಗಾಡಿ ಕೆಟ್ಟಿದೆಯೆಂದು ನಾವು ಮತ್ತೆ ಹೇಳಿಲ್ಲ.

ಇನ್ನೊಂದು ಕೆಲಸ ಬಾಕಿಯಿದೆ. ಬೇರೆ ರಾಜ್ಯದ ಗಾಡಿಯೊಂದನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಸಂಖ್ಯೆಯನ್ನೇ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಮಂಡ್ಯದಿಂದ ನಿರಾಕ್ಷೇಪಣಾ ಪತ್ರ ತರಿಸಬೇಕು. ಕೆಎ 11 ಹೋಗಿ ಎಂಎಚ್ 12 ಬರುತ್ತದೆ. ನಮ್ಮ ವಾಹನಗಳಿಗೆಲ್ಲ ಆ ಸಂಖ್ಯೆ ಬಂದು ಎಷ್ಟೋ ಕಾಲವಾಯಿತು, ಆಗ ಏನೂ ಅನ್ನಿಸಿರಲಿಲ್ಲ. ಈ ಅರ್ಜಿಯನ್ನು ತುಂಬುವಾಗ ಮಾತ್ರ ಇಬ್ಬರ ಕೈಯೂ ತಡೆಯಿತು. ಕೊನೆಗೆ ತುಂಬಿಟ್ಟಿದ್ದೇವೆ. ಮನುಷ್ಯರು ಬಂದ ಮೇಲೆ ಗಾಡಿಯೂ ಬರಬೇಕಲ್ಲ.

ಸೀಟಿನ ಕೆಳಗಿನ ಸಲಕರಣೆಗಳ ಪೆಟ್ಟಿಗೆಯಲ್ಲಿ ಒಂದು ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟಿದ್ದೇವೆ. ಎಣ್ಣೆಯ ಅಳತೆ, ಬದಲಿಸಿದ ಭಾಗಗಳು, ಬದಲಿಸಿದ ದಿನಾಂಕ ಎಲ್ಲವೂ ಅದರಲ್ಲಿದೆ. ಕೊನೆಯ ಸಾಲು ಇದು: ಬಹಳ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್ ಪೂರ್ತಿ ಇಳಿಸಿ, ಮುಚ್ಚಳದ ರಂಧ್ರವನ್ನು ಮುಚ್ಚಿದರೆ, ಮುಚ್ಚಿದ್ದೇವೆಂದು ಮನೆಯವರಿಗೆ ಹೇಳಿ.